ಮಾಲೆ ತೆಗೆಯದ ಮಾವ

ನಮ್ಮ ಬಂಗಾರಪೇಟೆ ಕಡೆಯ ಹಳ್ಳಿಗಳಲ್ಲಿ ಕುಡಿಯುವವರೇ ಇಲ್ಲ ಎಂದು ಬೆಂಗಳೂರಿಗೆ ಬರೆದು ಕಳಿಸಿದವಳು ನಾನು. ಈಗಲೂ ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆ ಆ ಮಾತೆತ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನಮ್ಮದು ಒಂದೇ ಕೋಣೆಯ ಸಣ್ಣ ಸಂಸ್ಥೆ. ನಾನು, ಲೆಕ್ಕ ನೋಡುವ ಒಬ್ಬ ಮೇಡಂ, ಮನಸ್ಸು ಬಂದಾಗ ತಿರುಗುವ ಒಂದು ಫ್ಯಾನು. ಹಳ್ಳಿಗಳಲ್ಲಿ ಕುಡಿತ ಕಡಿಮೆ ಮಾಡಿಸಬೇಕು, ಕುಡಿದು ಗಾಡಿ ಮೇಲಿಂದ ಬಿದ್ದು ಕೈಕಾಲು ಮುರಿದುಕೊಳ್ಳುವುದನ್ನು ತಪ್ಪಿಸಬೇಕು ಎಂದು ಬೆಂಗಳೂರಿನ ಒಂದು ಪ್ರತಿಷ್ಠಾನದವರು ನಮಗೆ ಅನುದಾನ ಕೊಟ್ಟರು. ಅವರದು ಒಂದೇ ಷರತ್ತು. ಶುರುವಿನಲ್ಲಿ ಮನೆಮನೆಗೆ ಹೋಗಿ ಯಾರು ಕುಡಿಯುತ್ತಾರೆ, ಯಾರು ಬೀಳುತ್ತಾರೆ ಎಂದು ಕೇಳಬೇಕು. ಕೆಲಸವೆಲ್ಲ ಆದಮೇಲೆ ಅವರ ಕಡೆಯವರು ಬಂದು ಅದನ್ನೇ ಮತ್ತೆ ಕೇಳುತ್ತಾರೆ. ಕುಡಿಯುವವರು ಕಡಿಮೆಯಾಗಿದ್ದರೆ ಮುಂದಕ್ಕೂ ದುಡ್ಡು, ಇಲ್ಲದಿದ್ದರೆ ಫ್ಯಾನು ಮಾರಿಕೊಂಡು ಮನೆಗೆ ಹೋಗಬೇಕು. ದುಡ್ಡು ಮಳೆಗಾಲದಲ್ಲೇ ಬರಬೇಕಿತ್ತು. ಬಂದದ್ದು ಕಾರ್ತೀಕದಲ್ಲಿ.

ಕಾರ್ತೀಕದಲ್ಲಿ ನಮ್ಮ ಕಡೆ ಗಂಡಸರು ಅಯ್ಯಪ್ಪನ ಮಾಲೆ ಹಾಕುತ್ತಾರೆ. ಕೂಲಿಗೆ ಹೋಗುವವರು, ಟ್ರ್ಯಾಕ್ಟರ್ ಓಡಿಸುವವರು, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿಬರುವವರು, ಎಲ್ಲರೂ ಕಪ್ಪು ಪಂಚೆ ಉಟ್ಟು ಬರಿಗಾಲಲ್ಲಿ ನಡೆಯುತ್ತಾರೆ. ಹೊತ್ತು ಮೂಡುವ ಮುಂಚೆ ತಣ್ಣೀರು ಸ್ನಾನ, ಸಂಜೆಗೆ ಭಜನೆ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆಸುವ ತನಕ ಕ್ಷೌರವಿಲ್ಲ, ಮಾಂಸವಿಲ್ಲ, ಕುಡಿತವಂತೂ ಇಲ್ಲವೇ ಇಲ್ಲ. ವರ್ಷವೆಲ್ಲ ಮೋರಿಯ ಪಕ್ಕ ಬಿದ್ದಿರುತ್ತಿದ್ದವನಿಗೂ ಆ ದಿನಗಳಲ್ಲಿ ಹೆಂಡತಿ, ಅಮ್ಮ, ಸಾಲ ಕೊಟ್ಟವನು, ಎಲ್ಲರೂ ‘ಸ್ವಾಮಿ’ ಎಂದೇ ಕರೆಯಬೇಕು. ಅಂಥ ಸುಗ್ಗಿಯಲ್ಲಿ ನಾನು ಪೆನ್ನು ಹಿಡಿದುಕೊಂಡು ಮನೆಮನೆಗೆ ಹೋದೆ.

“ಕುಡೀತೀರಾ?” ಎಂದು ಮೊದಲನೇ ಮನೆಯಲ್ಲಿ ಕೇಳಿದೆ.

“ಸ್ವಾಮಿ ಶರಣಂ! ಮಾಲೆ ಆಕಿರೋರ್ನ ಇಂಗಾ ಕೇಳಾದು? ಓಗಮ್ಮಾ, ಬಾಯಿ ತೊಳ್ಕಂಡ್ ಬಾ,” ಎಂದು ಆ ಮನೆಯ ಯಜಮಾನ ಕಿವಿ ಮುಚ್ಚಿಕೊಂಡ. ಹಿಂದಿನ ತಿಂಗಳು ಇದೇ ಮನುಷ್ಯ ಕಂಬಕ್ಕೆ ಡಿಕ್ಕಿ ಹೊಡೆದು, ಅದು ಅಡ್ಡ ಬಂತೆಂದು ಕಂಬದ ಮೇಲೇ ಜಗಳಕ್ಕೆ ನಿಂತಿದ್ದ.

ಎಲ್ಲ ಮನೆಯಲ್ಲೂ ಇದೇ ಕಥೆ. ನಾನು ಬೆಂಗಳೂರಿಗೆ ಫೋನ್ ಮಾಡಿ, ಸಾರ್, ಸಂಕ್ರಾಂತಿ ಕಳೆಯಲಿ, ಆಮೇಲೆ ಕೇಳುತ್ತೇನೆ ಎಂದೆ. ಆಗುವುದಿಲ್ಲ, ಈ ತಿಂಗಳೊಳಗೇ ಬೇಕು ಎಂದರು. ನನಗೆ ಸಿಟ್ಟು ಬಂತು. ತಗೊಳ್ಳಿ ಹಾಗಾದರೆ ಎಂದು ಇದ್ದದ್ದನ್ನು ಇದ್ದಂತೆ ಕಳಿಸಿಬಿಟ್ಟೆ. ಕುಡಿಯುವವರು ಇಲ್ಲ, ಬೀಳುವವರು ಇಲ್ಲ. ಅದನ್ನು ಇನ್ನೂ ಕಡಿಮೆ ಮಾಡುವುದು ನಮ್ಮ ಗುರಿ.

ಆ ವರ್ಷ ಮಾಲೆ ಹಾಕಿದವರಲ್ಲಿ ನನ್ನ ಸೋದರಮಾವನೂ ಒಬ್ಬ, ಅಮ್ಮನ ತಮ್ಮ. ಬೂದಿಕೋಟೆ ರಸ್ತೆಯ ಹಳ್ಳಿಯಲ್ಲಿ ಅವನಿಗೆ ಎರಡು ಹಸು, ಒಂದು ಹಳೆಯ ಮೊಪೆಡ್ಡು, ಒಬ್ಬಳು ಹೆಂಡತಿ. ಬೆಳಗ್ಗೆ ಡೈರಿಗೆ ಹಾಲು ಹಾಕಿ ನೆಟ್ಟಗೆ ಮನೆಗೆ ಬರುವನು. ಸಂಜೆ ಹಾಲು ಹಾಕಿದ ಮೇಲೆ ಮಾತ್ರ ಮೊಪೆಡ್ಡು ಇನ್ನೊಂದು ಕಡೆ ತಿರುಗುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಹಾಗೆ ಕುಡಿದು ಬರುವಾಗ ತಿರುವಿನಲ್ಲಿ ಬಿದ್ದ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನ ಚಕ್ರ ಅವನ ತಲೆಗೆ ಒಂದು ಗೇಣು ದೂರದಲ್ಲಿ ನಿಂತಿತು. ತಲೆಗೆ ಹೊಲಿಗೆ ಬಿತ್ತು, ಭುಜದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ನಮ್ಮ ಅತ್ತೆ ಅಳಲಿಲ್ಲ. “ಇನ್ನೊಂದು ಕಿತ ಬಿದ್ರೆ ನಾನ್ ಎತ್ಕಂಡ್ ಬರಾದು ಎಣಾನೇ ಅಮ್ಮಣ್ಣಿ,” ಎಂದು ನನಗೆ ಹೇಳಿದಳು. ಅಂದಿನಿಂದ ದಿನಾ ಸಂಜೆ ಡೈರಿ ಹೊತ್ತಾದರೆ ಅವಳು ಬಾಗಿಲಿಗೆ ಬಂದು ನಿಲ್ಲುವುದು ಶುರುವಾಯಿತು.

ಮಾವ ಮಾಲೆ ಹಾಕಿದ ಮೇಲೆ ಅವಳ ಮುಖವೇ ಬದಲಾಯಿತು. ಅವಳು ಗಂಡನನ್ನು ಹಿಂದೆ ಕರೆಯುತ್ತಿದ್ದದ್ದು ಇಲ್ಲಿ ಬರೆಯುವಂಥದ್ದಲ್ಲ. ಈಗ ದಿನಾ ಬೆಳಗ್ಗೆ ಎದ್ದು ಅವನ ಕಾಲಿಗೆ ನಮಸ್ಕಾರ. ಮಾವನಿಗೂ ಸ್ವಾಮಿತನ ತಲೆಗೇರಿತ್ತು. ಹಸುವಿಗೆ ಹುಲ್ಲು ಹಾಕುವಾಗಲೂ ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೆ ಬಯ್ಯದೆ, “ಎಲ್ಲಾ ಅವನಿಚ್ಛೆ,” ಎಂದು ಉಣ್ಣುತ್ತಿದ್ದ. ಡೈರಿಯಿಂದ ನೆಟ್ಟಗೆ ಭಜನೆಗೆ, ಭಜನೆಯಿಂದ ನೆಟ್ಟಗೆ ಮನೆಗೆ.

ಸಂಕ್ರಾಂತಿ ಕಳೆದು ಎಲ್ಲರೂ ಶಬರಿಮಲೆಯಿಂದ ಬಂದರು. ನಮ್ಮ ಕಡೆ ಮಾಲೆ ಹಾಕಿದ ಗುರುಸ್ವಾಮಿಯೇ ಅದನ್ನು ತೆಗೆಯಬೇಕು, ಇಲ್ಲವೆಂದರೆ ಹೆತ್ತ ತಾಯಿ. ನಮ್ಮಜ್ಜಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಗುರುಸ್ವಾಮಿ ಎಂದರೆ ಉರಿಗಾಂನಲ್ಲಿರುವ ಒಬ್ಬ ಮುದುಕರು. ಅಲ್ಲಿಯ ಚಿನ್ನದ ಗಣಿ ಮುಚ್ಚುವ ತನಕ ಅದರಲ್ಲಿ ದುಡಿದವರು, ಮನೆಮಾತು ತಮಿಳು, ಮೈಯೆಲ್ಲ ವಿಭೂತಿ. ಮಾರನೆಯ ಬೆಳಗ್ಗೆ ಅವರು ದೇವಸ್ಥಾನದಲ್ಲಿ ಸಾಲಾಗಿ ಕೂರಿಸಿಕೊಂಡು ಎಲ್ಲರ ಮಾಲೆ ತೆಗೆದರು. ಅದೇ ಹೊತ್ತಿಗೆ ಮಾವನ ಹಸು ಕರು ಹಾಕಲು ನಿಂತಿತು. ಅವನು ಕರುವನ್ನು ಎಳೆದು, ಒರೆಸಿ, ಸ್ನಾನ ಮಾಡಿ ಓಡುವಷ್ಟರಲ್ಲಿ ಗುರುಸ್ವಾಮಿ ಬಸ್ಸು ಹತ್ತಿ ಹೊರಟುಹೋಗಿದ್ದರು. ನಾಳೆ ಉರಿಗಾಂಗೆ ಹೋಗಿ ತೆಗೆಸಿಕೊಂಡರಾಯಿತು ಎಂದು ಮಾವ ಮಲಗಿದ.

ಅತ್ತೆ ಮಲಗಲಿಲ್ಲ. ಮೊದಲನೇ ಬಸ್ಸಿಗೆ ಒಂದು ಡಬ್ಬಿ ಗಿಣ್ಣು ತೆಗೆದುಕೊಂಡು ಅವನಿಗಿಂತ ಮುಂಚೆ ಉರಿಗಾಂಗೆ ಹೊರಟಳು. ದಾರಿಯಲ್ಲಿ ನನ್ನನ್ನೂ ಎಳೆದುಕೊಂಡಳು. ಗುರುಸ್ವಾಮಿಯ ಮುಂದೆ ಡಬ್ಬಿ ಇಟ್ಟು ಕೈಮುಗಿದು, “ಅವ್ನು ಬತ್ತಾನೆ. ಮಾಲೆ ತೆಗೀಬ್ಯಾಡಿ. ಸ್ವಲ್ಪ ದಿನ ಇರ್ಲಿ,” ಎಂದಳು.

“ಅಯ್ಯೋ, ಎನ್ನಮ್ಮಾ ಇದು! ಸಾಮಿ ವಿಷಯದಲ್ಲಿ ನಾನು ಪೊಯ್ ಹೇಳ್ಲಾ?” ಎಂದು ಅವರು ಕೆನ್ನೆ ಬಡಿದುಕೊಂಡರು.

“ಸುಳ್ಳು ಏಳ್ಬ್ಯಾಡಿ ಗುರುಸ್ವಾಮಿ. ಮನೇಲಿ ಇರ್ಬ್ಯಾಡಿ, ಅಷ್ಟೇ.”

ಅವರು ಗಿಣ್ಣಿನ ಡಬ್ಬಿ ನೋಡಿದರು. ಅತ್ತೆಯ ಮುಖ ನೋಡಿದರು. ಆಮೇಲೆ ಶಲ್ಯ ಹೆಗಲಿಗೆ ಹಾಕಿಕೊಂಡು, ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಬೇತಮಂಗಲದಲ್ಲಿರುವ ಮಗಳ ಮನೆಗೆ ಬಸ್ಸು ಹತ್ತಿದರು.

ಅಲ್ಲಿಂದ ಶುರುವಾಯಿತು ಓಟ. ಮಾವ ಉರಿಗಾಂಗೆ ಹೋದರೆ ಗುರುಸ್ವಾಮಿ ಬೇತಮಂಗಲದಲ್ಲಿ. ಬೇತಮಂಗಲಕ್ಕೆ ಹೋದರೆ ಅವರು ಕೆರೆಕಟ್ಟೆ ಮೇಲೆ ವಾಯುಸೇವನೆಗೆ. ಕಟ್ಟೆಗೆ ಹೋದರೆ ಈಗಷ್ಟೇ ಬಸ್ಸು ಹತ್ತಿದರು. ಪಾಪ, ಮುದುಕರು ದಣಿದರು. ಒಂದು ದಿನ ನನಗೇ ಫೋನ್ ಮಾಡಿ ಬೈದರು. “ಗಣಿಯೊಳ್ಗೆ ಇಳೀವಾಗ ಕೂಡ ನಾನು ಇಷ್ಟು ಒದ್ದಾಡ್ಲಿಲ್ಲಮ್ಮಾ. ನಿಮ್ಮ ಅತ್ತೆ ಗಿಣ್ಣು ನನಗೆ ಯಾಕೆ ಬೇಕಿತ್ತು?” ಅತ್ತೆಗೆ ಹೇಳಿದೆ. ಅವಳು ಮಾರನೆಯ ದಿನ ತುಪ್ಪ ಕಳಿಸಿದಳು.

ಶಿವರಾತ್ರಿ ಬಂತು, ಮಾವ ಕಪ್ಪು ಪಂಚೆಯಲ್ಲಿ. ಯುಗಾದಿ ಬಂತು. ಮಾರನೆಯ ದಿನ ಹೊಸತೊಡಕಿಗೆ ಊರಿಗೆ ಊರೇ ಮಟನ್ನು ಬೇಯಿಸುತ್ತಿರುವಾಗ ಅವನು ಮೂಗಿಗೆ ಟವೆಲ್ಲು ಕಟ್ಟಿಕೊಂಡು ಹುರುಳಿಕಾಳು ಸಾರು ಉಂಡ. ಚೈತ್ರದ ಬಿಸಿಲಿಗೆ ಟಾರು ರಸ್ತೆ ಕಾಯುತ್ತಿದ್ದರೆ ಬರಿಗಾಲಲ್ಲಿ ಹಾರಿ ಹಾರಿ ನಡೆಯುತ್ತಿದ್ದ. ಗಡ್ಡ ಎದೆಗೆ ಬಂದಿತ್ತು. ಬೂದಿಕೋಟೆ ಬಸ್ಸಿನ ಕಂಡಕ್ಟರು ಅವನನ್ನು ನೋಡಿ, “ಏನ್ ಸ್ವಾಮಿ, ಈ ಸಲ ಬೇಗ ಆಕ್ಬಿಟ್ರಾ?” ಎಂದು ಕೇಳಿದನಂತೆ. ಮಾವ, “ಇಲ್ಲ, ಓದ್ಸಲದ್ದೇ ಓಗಿಲ್ಲ,” ಎಂದನಂತೆ.

ಈ ಮಧ್ಯೆ ನಾನು ಅನುದಾನದ ಕೆಲಸ ನಡೆಸುತ್ತಿದ್ದೆ. ಮೊಪೆಡ್ಡು ಇರುವ ಮನೆಗೊಂದು ಹೆಲ್ಮೆಟ್ ಕೊಟ್ಟೆವು. ವಾರ ಬಿಟ್ಟು ಹೋಗಿ ನೋಡಿದರೆ ಎಲ್ಲ ಹೆಲ್ಮೆಟ್ಟುಗಳೂ ದೇವರ ಗೂಡಿನ ಪಕ್ಕ, ಪ್ಲಾಸ್ಟಿಕ್ಕು ಕವರಿನ ಮೇಲೇ ಅರಿಶಿನ ಕುಂಕುಮ ಹಚ್ಚಿಕೊಂಡು, ಹೂವು ಮುಡಿದುಕೊಂಡು ಕೂತಿದ್ದವು. ತಲೆಗೆ ಯಾಕೆ ಹಾಕುವುದಿಲ್ಲ ಎಂದು ಒಬ್ಬ ಹಿರಿಯರನ್ನು ಕೇಳಿದೆ. “ಮುಖ ಮುಚ್ಕಂಡು ಓದ್ರೆ ಯಾರ್ ಮಗ ಅಂತ ಗೊತ್ತಾಗಲ್ಲಮ್ಮಾ. ದೊಡ್ಡೋರ್ ಎದ್ರಿಗೆ ಬಂದ್ರೆ ಏನನ್ಕಂಡಾರು?” ಎಂದರು. ನಾನು ತಲೆ ಚಚ್ಚಿಕೊಂಡೆ.

ಬೀದಿ ನಾಟಕ ಮಾಡಿಸಿದೆವು. ಕುಡುಕನ ಪಾತ್ರ ಮಾಡಿದವನ ಅಭಿನಯ ಅಷ್ಟು ಚೆನ್ನಾಗಿತ್ತೆಂದು ಊರಿನವರು ಚಪ್ಪಾಳೆ ತಟ್ಟಿ ಅವನಿಗೆ ಬಾಟಲಿ ಕೊಡಿಸಿದರು. ಮಾಲೆ ತೆಗೆದವರೆಲ್ಲ ತಂತಮ್ಮ ಹಳೆಯ ಜಾಗಗಳಿಗೆ ಮರಳಿದ್ದರು. ಇಡೀ ಹಳ್ಳಿಯಲ್ಲಿ ನನಗೆ ಉಳಿದದ್ದು ಮಾವ ಒಬ್ಬನೇ. ಬಿಡುತ್ತೇನೆಯೇ? ಅವನ ಫೋಟೋ ಹಾಕಿ ‘ವ್ಯಸನಮುಕ್ತ ಆದರ್ಶ ಪುರುಷ’ ಎಂದು ದೊಡ್ಡ ಫ್ಲೆಕ್ಸ್ ಮಾಡಿಸಿ ಅರಳಿಕಟ್ಟೆಯ ಬಳಿ ಕಟ್ಟಿಸಿದೆ. ಮಧ್ಯಾಹ್ನ ಅದರ ನೆರಳು ಒಳ್ಳೆ ತಂಪಾಗಿರುತ್ತಿತ್ತು. ಅಲ್ಲೇ ಕೂತು ಕುಡಿಯುತ್ತಿದ್ದರು.

ಬಿಸಿಲು ಜೋರಾಗಿದ್ದಾಗ ಪ್ರತಿಷ್ಠಾನದ ಕಡೆಯಿಂದ ಒಬ್ಬ ಸಾರ್ ಬಂದರು. ಮೆತ್ತಗಿನ ಮಾತಿನವರು. ಡೈರಿಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಊರಿನವರನ್ನೆಲ್ಲ ಕೂರಿಸಿದೆ. ಊಟ ಉಂಟು ಎಂದು ಮೊದಲೇ ಸಾರಿಸಿದ್ದರಿಂದ ಜನಕ್ಕೆ ಕೊರತೆಯಿರಲಿಲ್ಲ. ಸಾರ್ ನಾನು ಕಳಿಸಿದ್ದನ್ನು ಓದಿಕೊಂಡೇ ಬಂದಿದ್ದರು. ಈಗ ಯಾರು ಯಾರು ಕುಡಿಯುತ್ತೀರಿ ಎಂದು ಕೇಳಿದರೆ ಅರ್ಧ ಶಾಮಿಯಾನ ಕೈಯೆತ್ತಿತು.

“ಯೋಜನೆಗೆ ಮುಂಚೆ ಇಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಈಗ ತುಂಬಾ ಜನ ಕುಡಿಯುತ್ತಾರೆ ಅಂತೀರಿ. ಇದು ಹೇಗಾಯಿತು?” ಎಂದು ಅವರು ಕೇಳಿದರು.

ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಎದ್ದು, “ನಿಮ್ ಯೋಜ್ನೆ ಬಂದ್ಮ್ಯಾಲೇ ಕಣ್ ಸಾಮಿ ಎಲ್ಲಾ ಕೆಟ್ಟೋಗಿದ್ದು!” ಎಂದಳು. ಜನ ಶಿಳ್ಳೆ ಹೊಡೆದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ. ತಟ್ಟನೆ ಮಾವನ ತೋಳು ಹಿಡಿದು ಎಬ್ಬಿಸಿ, ಇಲ್ಲಿದ್ದಾರೆ ನೋಡಿ ಸಾರ್, ಆರು ತಿಂಗಳಿಂದ ಒಂದು ಹನಿ ಮುಟ್ಟಿಲ್ಲ ಎಂದೆ.

ಸಾರ್‌ಗೆ ಖುಷಿಯಾಯಿತು. “ನಮ್ಮ ಯಾವ ಕಾರ್ಯಕ್ರಮದಿಂದ ನಿಮಗೆ ಸಹಾಯವಾಯಿತು? ನಾಟಕವಾ? ಹೆಲ್ಮೆಟ್ಟಾ?”

“ಗುರುಸ್ವಾಮಿ ಸಿಕ್ಲಿಲ್ಲ,” ಎಂದ ಮಾವ.

ಶಾಮಿಯಾನ ಹಾರಿಹೋಗುವಂತೆ ಎಲ್ಲರೂ ನಕ್ಕರು. ಸಾರ್‌ಗೆ ಅರ್ಥವಾಗದೆ ಅವರೂ ನಕ್ಕರು. ಸರಿಯಾಗಿ ಅದೇ ಹೊತ್ತಿಗೆ ಬೂದಿಕೋಟೆ ಬಸ್ಸು ನಿಂತು ಗುರುಸ್ವಾಮಿ ಇಳಿದರು. ಊಟದ ಸುದ್ದಿ ಉರಿಗಾಂ ತನಕ ಹೋಗಿತ್ತು. ಈ ಹೊತ್ತಿನಲ್ಲಿ ಮಾವ ಹುಲ್ಲಿಗೆ ಹೋಗಿರುತ್ತಾನೆ ಎಂದುಕೊಂಡು ಬಂದಿದ್ದರಂತೆ. ಮಾವನನ್ನು ನೋಡಿದ್ದೇ ತಡ, ಪಂಚೆ ಎತ್ತಿ ಕಟ್ಟಿಕೊಂಡು ಹಾಲಿನ ಕ್ಯಾನುಗಳ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ಅವರ ತಲೆ, ತಲೆಯ ಮೇಲಿನ ವಿಭೂತಿ ಎಲ್ಲರಿಗೂ ಕಾಣುತ್ತಿತ್ತು. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡಳು. ಊರಿನವರು, “ಅಗೋ ಸ್ವಾಮಿ! ಇಡ್ಕಳಿ! ಇಡ್ಕಳಿ!” ಎಂದು ಕೂಗಿದರು.

ಮಾವ ಅಲುಗಾಡಲಿಲ್ಲ.

“ನಂಗೊತ್ತು,” ಎಂದ. “ಬೇತಮಂಗ್ಲದಾಗೂ ಕಟ್ಟೆ ಇಂದೆ ಇಂಗೇ ಕೂತಿದ್ರು. ತಲೆ ಕಾಣ್ತಿತ್ತು. ನಾನೇ ಗಾಡಿ ತಿರುಗಿಸ್ಕಂಡ್ ಬಂದೆ.”

ನಗು ಒಂದೊಂದೇ ಕಡೆಯಿಂದ ನಿಂತಿತು. ಅತ್ತೆ ಎದ್ದು ನಿಂತಳು.

ಮಾವ ಸಾರ್ ಕಡೆ ತಿರುಗಿದ. “ತೆಗ್ಸಿದ್ರೆ ಕುಡೀತೀನಿ ಅಂತ ನಂಗೊತ್ತೈತೆ ಸಾರ್. ಅದ್ಕೇ ಸುಮ್ಕೆ ಸುತ್ತಾಡ್ದೆ. ಆದ್ರೆ ಸಾಯೋಗಂಟ ಇದ್ನ ಆಕ್ಕಂಡಿರಕ್ಕಾಯ್ತದಾ? ಇವತ್ತೋ ನಾಳೆನೋ ತೆಗೀಬೇಕು. ತೆಗ್ದಿದ್ ದಿನ ಸಂಜೆ ಡೈರೀಗ್ ಆಲ್ ಆಕ್ಬುಟ್ಟು ಈಚೆಗ್ ಬತ್ತೀನಲ್ಲ, ಆಗ ನಾನ್ ಎಲ್ಗೋಗ್ಲಿ? ಅದ್ಕೆ ಏನೈತೆ ನಿಮ್ ದುಡ್ನಾಗೆ?”

ಸಾರ್ ನನ್ನ ಮುಖ ನೋಡಿದರು. ನಾನು ಲೆಕ್ಕದ ಮೇಡಂ ಮುಖ ನೋಡಿದೆ. ನಮ್ಮಲ್ಲಿ ಫ್ಲೆಕ್ಸ್‌ಗೆ ದುಡ್ಡಿತ್ತು, ಟೋಪಿಗೆ ಇತ್ತು, ಜಾಥಾಕ್ಕೆ, ತಮಟೆಯವರಿಗೆ, ಶಾಮಿಯಾನಕ್ಕೆ ಇತ್ತು. ಸಂಜೆಗೆ ಏನೂ ಇರಲಿಲ್ಲ. ಐದು ಗಂಟೆಗೆ ನಾವು ಬೀಗ ಹಾಕಿಕೊಂಡು ಹೋಗುತ್ತಿದ್ದೆವು. ನನಗೆ ಅಳು ಬಂದಂತಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯದೆ ಸೌಟು ಹಿಡಿದು ನಿಂತಿದ್ದ ಅಡಿಗೆಯವನ ಮೇಲೆ ರೇಗಿದೆ.

ಸಾರ್ ಊಟ ಮುಗಿಸಿ, ಬಂಗಾರಪೇಟೆಯಲ್ಲಿ ಪಾನಿಪುರಿಯನ್ನೂ ತಿಂದು, ಕಣ್ಣಲ್ಲಿ ನೀರು ಸುರಿಸಿಕೊಂಡು ರೈಲು ಹತ್ತಿದರು. ವಾರದೊಳಗೆ ಫೋನ್ ಬಂತು. ಮುಂದಿನ ವರ್ಷದ್ದು ಈಗಲೇ ಹೇಳಲಾಗದು, ಉಳಿದ ಫ್ಲೆಕ್ಸ್ ದುಡ್ಡನ್ನು ಆ ಮನುಷ್ಯ ಕೇಳಿದ್ದಕ್ಕೆ ಬಳಸಿ ಎಂದರು. ಡೈರಿಯ ಹತ್ತಿರ ಬಾಡಿಗೆಗೆ ಖಾಲಿಯಿದ್ದದ್ದು ಒಂದೇ ಮಳಿಗೆ. ಅದು ವೈನ್ಸ್ ಅಂಗಡಿಯ ಎದುರಿಗಿತ್ತು. ಬೇರೆ ದಾರಿಯಿರಲಿಲ್ಲ, ಹಿಡಿದೆವು. ಒಂದು ಕೇರಂ ಬೋರ್ಡು, ಬೆಂಚುಗಳು, ಟೀ ಕಾಯಿಸುವ ಸ್ಟೌವು. ಸಂಜೆ ಡೈರಿ ಹೊತ್ತಿಗೆ ತೆರೆಯುವುದು ಎಂದು ಬೋರ್ಡು ಬರೆಸಿದೆ. ವೈನ್ಸ್ ಅಂಗಡಿಯವನು ಬಂದು ನೋಡಿ, “ನಮ್ಗೂ ಒಂದ್ ಲೋಟ ಟೀ ಕೊಡ್ತೀರಾ ಅಕ್ಕಾ?” ಎಂದ. ಕೊಟ್ಟೆ. ಚೆನ್ನಾಗಿದೆ ಎಂದು ಇನ್ನೊಂದು ಲೋಟವನ್ನೂ ಕುಡಿದ.

ಗುರುಸ್ವಾಮಿ ಒಂದು ಶನಿವಾರ ಬೆಳಗ್ಗೆ ತಾವಾಗಿಯೇ ಬಂದು, ಕಾಯಿ ಒಡೆದು, ಮಂತ್ರ ಹೇಳಿ ಮಾವನ ಕೊರಳಿಂದ ಮಾಲೆ ತೆಗೆದರು. “ಇನ್ನು ನಾನು ಮನೆಯಲ್ಲೇ ಇರ್ತೀನಪ್ಪಾ,” ಎಂದು ನಿಟ್ಟುಸಿರು ಬಿಟ್ಟರು. ಕ್ಷೌರ ಮಾಡಿಸಿಕೊಂಡು ಬಂದ ಮಾವ ಅರ್ಧಕ್ಕರ್ಧ ಸಣ್ಣಗೆ ಕಾಣುತ್ತಿದ್ದ. ಅವನದೇ ಹಸು ಅವನನ್ನು ಮೂಸಿ ನೋಡಿ ಹಿಂದೆ ಸರಿಯಿತು. ಅತ್ತೆ ಅಂದು ಮಧ್ಯಾಹ್ನದ ಅಡುಗೆಯನ್ನು ಎರಡು ಸಲ ಸೀಯಿಸಿದಳು.

ಆ ಸಂಜೆ ನಾನು ಮಳಿಗೆಯ ಬಾಗಿಲಲ್ಲೇ ನಿಂತಿದ್ದೆ. ಡೈರಿಯಲ್ಲಿ ಕ್ಯಾನುಗಳ ಸದ್ದು ನಿಂತಿತು. ಒಬ್ಬೊಬ್ಬರೇ ಈಚೆ ಬಂದರು. ಕೆಲವರು ಎದುರಿನ ಅಂಗಡಿಗೆ ಹೋದರು, ಇಬ್ಬರು ಮೂವರು ಕೇರಂ ನೋಡೋಣ ಎಂದು ಒಳಗೆ ಬಂದರು. ಮಾವ ಮೊಪೆಡ್ಡನ್ನು ರಸ್ತೆಯ ನಡುವೆ ನಿಲ್ಲಿಸಿಕೊಂಡು ಬಹಳ ಹೊತ್ತು ಅದರ ಚಕ್ರ ನೋಡಿದ. ಚಕ್ರಕ್ಕೆ ಏನೂ ಆಗಿರಲಿಲ್ಲ. ಆಮೇಲೆ ಅವನು ಖಾಲಿ ಕ್ಯಾನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮಳಿಗೆಯೊಳಗೆ ಬಂದು ಬೆಂಚಿನ ತುದಿಯಲ್ಲಿ ಕೂತ.

ಕೇರಂ ಆಡಲು ಅವನಿಗೆ ಬರುತ್ತಿರಲಿಲ್ಲ. ಸ್ಟ್ರೈಕರ್ ಹೊಡೆದರೆ ಅದು ಬೋರ್ಡು ಬಿಟ್ಟು ಟೀ ಪಾತ್ರೆಗೆ ಬೀಳುತ್ತಿತ್ತು. ಎರಡು ಸಲ ಬಿತ್ತು. ಜೊತೆಗೆ ಆಡುತ್ತಿದ್ದವರು ಅವನನ್ನು ಬೈದು, ನಕ್ಕು, ಹಸಿವಾಯಿತೆಂದು ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಮಾವ ಒಬ್ಬನೇ ಎರಡೂ ಕಡೆಯಿಂದ ಆಡುತ್ತಾ ಎರಡೂ ಕಡೆ ಸೋಲುತ್ತಿದ್ದ. ನನಗೂ ಹಸಿವು, ಕೊನೇ ಬಸ್ಸಿನ ಚಿಂತೆ ಬೇರೆ. ಲೋಟ ತೊಳೆದಿಟ್ಟು ಬೀಗದ ಕೈ ತೆಗೆದುಕೊಂಡೆ.

ಮಾವ ತಲೆ ಎತ್ತಲಿಲ್ಲ. ಕಾಯಿಗಳನ್ನು ಮತ್ತೆ ನಡುವೆ ಜೋಡಿಸುತ್ತಾ ಮೆಲ್ಲಗೆ ಹೇಳಿದ. “ಈಗ್ಲೇ ಬೀಗ ಆಕ್ಬ್ಯಾಡ ಅಮ್ಮಣ್ಣಿ. ಎದ್ರುಗಡೆಯೋನು ಇನ್ನಾ ಶಟರ್ ಎಳ್ದಿಲ್ಲ.”

ನಾನು ಬೀಗದ ಕೈಯನ್ನು ಕಿಟಕಿಯಲ್ಲಿಟ್ಟು, ಅವನ ಎದುರಿನ ಬೆಂಚಿನಲ್ಲಿ ಕೂತು, ಸ್ಟ್ರೈಕರ್ ಇಸಿದುಕೊಂಡೆ.